ಲೈಸೆನ್ಸಿಲ್ಲದ ನೈವೇದ್ಯ

ಶೇಂಗಾ ಹುರಿಯುವ ವಾಸನೆಯನ್ನು ಬಚ್ಚಿಡಲು ಸಾಧ್ಯವಿಲ್ಲ. ಬಂಗಾರವನ್ನು ಅಕ್ಕಿಡಬ್ಬಿಯಲ್ಲಿ ಹೂತಿಡಬಹುದು, ಗಂಡಹೆಂಡತಿಯ ಜಗಳವನ್ನು ಟಿ.ವಿ.ಯ ದನಿ ಏರಿಸಿ ಮುಚ್ಚಬಹುದು, ಮೊಣಕಾಲಿನ ನೋವನ್ನು ನಗುನಗುತ್ತ ನಡೆದು ಮರೆಸಬಹುದು. ಶೇಂಗಾ ಬಾಣಲೆಗೆ ಬಿದ್ದು ಚಿಟಿಚಿಟಿ ಎನ್ನತೊಡಗಿತೋ, ಮುಗಿಯಿತು. ಅದು ತಾರ್ನಾಕದ ನಮ್ಮ ಹಳೆಯ ಕಟ್ಟಡದ ಮೆಟ್ಟಿಲಿಳಿದು, ವಾಚ್‌ಮನ್ನನ ಕುರ್ಚಿ ದಾಟಿ, ಬೀದಿಯ ತಿರುವಿನ ತನಕ ಹೋಗಿ ಸುದ್ದಿ ಹೇಳಿ ಬರುತ್ತದೆ. ಕಿಟಕಿ ಮುಚ್ಚಿ ನೋಡಿದ್ದೇನೆ, ಊದಿನಕಡ್ಡಿ ಹಚ್ಚಿ ನೋಡಿದ್ದೇನೆ. ಆಗ ಈ ಮನೆಯವರು ಊದಿನಕಡ್ಡಿ ಹಚ್ಚಿಕೊಂಡು ಶೇಂಗಾ ಹುರಿಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಅಷ್ಟೆ.

ಶೇಂಗಾ ಹುರಿಯುವುದರಲ್ಲಿ ಬಚ್ಚಿಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಹುರಿಯುವುದರಲ್ಲಿ ಏನೂ ಇಲ್ಲ. ಹುರಿದು, ಪುಡಿ ಮಾಡಿ, ಬೆಲ್ಲ ಏಲಕ್ಕಿ ಕೂಡಿಸಿ, ಕಣಕದಲ್ಲಿ ತುಂಬಿ, ಲಟ್ಟಿಸಿ, ಹಂಚಿನ ಮೇಲೆ ಬೇಯಿಸಿ ನಾವೇ ತಿಂದರೆ ಅದು ಹಬ್ಬ. ಅದನ್ನೇ ಡಬ್ಬಿಗೆ ಹಾಕಿ ಇನ್ನೊಬ್ಬರಿಗೆ ಮಾರಿದರೆ ಅದು ಉದ್ಯಮವಂತೆ. ಉದ್ಯಮವೆಂದ ಮೇಲೆ ಅದಕ್ಕೆ ನೋಂದಣಿ, ವ್ಯಾಪಾರದ ಪರವಾನಗಿ, ನೀರಿನ ಪರೀಕ್ಷೆ, ಕೈಬೆರಳಿನ ಉಗುರಿನಿಂದ ಹಿಡಿದು ಎದೆಯ ಎಕ್ಸ್‌ರೇ ತನಕ ವೈದ್ಯರ ಸರ್ಟಿಫಿಕೇಟು, ವಾಸದ ಮನೆಯಲ್ಲಿ ವ್ಯಾಪಾರ ಮಾಡಲು ಕಟ್ಟಡದವರ ಒಪ್ಪಿಗೆ. ಇವೆಲ್ಲ ನನಗೆ ಹೇಳಿದವರು ನಮ್ಮವರೇ. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದು ನಿವೃತ್ತರಾದವರು. ದೇವರಿಗೆ ದಿನಾ ಕೈಮುಗಿಯುತ್ತಾರೆ, ನಿಜ. ಆದರೆ ಅಂಜುವುದು ಮಾತ್ರ ಫೈಲಿಗೆ.

ಈ ಹೋಳಿಗೆಯ ಕೆಲಸದಲ್ಲಿ ನನಗೆ ಜೊತೆಗಾತಿ ಪದ್ದಕ್ಕ. ರಾಯಚೂರಿನ ಕಡೆಯವಳು, ನಮ್ಮ ಕೆಳಗಿನ ಒಂದೇ ಖೋಲಿಯ ಮನೆಯಲ್ಲಿರುತ್ತಾಳೆ. ಗಂಡ ತೀರಿಕೊಂಡ ಮೇಲೆ ಯೂನಿವರ್ಸಿಟಿಯ ಹುಡುಗರಿಗೆ ಊಟ ಹಾಕುವ ಒಂದು ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮೆಸ್ಸಿನ ಮಾಲೀಕ ಒಂದು ಕಾಗದ ತಂದರೆ ಕಚೇರಿಯವರು ಇನ್ನೊಂದು ಬೇಕೆಂದರು, ಅದನ್ನು ತರುವಷ್ಟರಲ್ಲಿ ಮೊದಲಿನದರ ಅವಧಿ ಮುಗಿದಿತ್ತು. ಕೊನೆಗೆ ಆತ ಬಾಗಿಲಿಗೆ ಬೀಗ ಹಾಕಿ ತನ್ನ ಊರಿಗೆ ಹೋದ. ಹುಡುಗರು ಬೇರೆ ಮೆಸ್ಸು ಹುಡುಕಿಕೊಂಡರು. ಪದ್ದಕ್ಕನಿಗೆ ಹುಡುಕಲು ಬೇರೆ ಇರಲಿಲ್ಲ. ಹಾಗಾಗಿ ನಾನು ಹೋಳಿಗೆ ಮಾಡುವುದು ಕೈಗೆ ಕೆಲಸವಿರಲಿ ಎಂದು. ಅವಳು ಮಾಡುವುದು ಒಲೆ ಉರಿಯಲಿ ಎಂದು. ಒಂದೇ ಹಂಚಿನ ಮುಂದೆ ಕೂತರೂ ನಮ್ಮಿಬ್ಬರ ಹೋಳಿಗೆ ಬೇರೆ ಬೇರೆ. ಇದು ನನಗೆ ತಿಳಿದೇ ಇತ್ತು, ತಿಳಿದೂ ಮರೆತೆ ಎಂಬುದೇ ಈ ಕಥೆ.

ನಿಯಮಗಳೇ ಬೇಡವೆನ್ನುವವಳಲ್ಲ ನಾನು. ನಮ್ಮ ಅತ್ತೆಯವರ ಮಡಿಯಲ್ಲಿ ಬಾಳುವೆ ಮಾಡಿದವಳಿಗೆ ಯಾವ ಇನ್‌ಸ್ಪೆಕ್ಟರು ಹೊಸಬ? ಒಣಗಹಾಕಿದ ಸೀರೆಗೆ ಯಾರ ನೆರಳು ತಾಗಿತು, ಉಪ್ಪಿನಕಾಯಿ ಭರಣಿಯ ಮುಚ್ಚಳ ಯಾವ ಕೈಯಿಂದ ತೆಗೆದೆ, ಎಲ್ಲಕ್ಕೂ ವಿಚಾರಣೆ ಇತ್ತು. ಆದರೆ ಅತ್ತೆ ಒಬ್ಬರೇ ಇದ್ದರು. ಅವರು ಹೇಳಿದ್ದನ್ನು ನಾಳೆ ಇನ್ನೊಬ್ಬ ಅತ್ತೆ ಬಂದು ಅಲ್ಲಗಳೆಯುತ್ತಿರಲಿಲ್ಲ. ಎಷ್ಟೇ ಬೈದರೂ ಕೊನೆಗೆ ಎಲ್ಲರೂ ಕೂತು ಉಣ್ಣುತ್ತಿದ್ದೆವು. ಈಗಿನ ಮಡಿಗೆ ಊಟದ ಹೊತ್ತೇ ಬರುವುದಿಲ್ಲ. ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಗೋಡೆಯ ತುಂಬ ಪರವಾನಗಿಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಲಕ್ಷ್ಮಿಯ ಪಟ ಜಾಗವಿಲ್ಲದೆ ಫ್ರಿಜ್ಜಿನ ನೆತ್ತಿಗೆ ಹೋಗಿದೆ. ಅಂಗಡಿಯಾತ ಸಂಜೆ ದೀಪ ಹಚ್ಚಿ ಊದಿನಕಡ್ಡಿಯನ್ನು ಮೊದಲು ಕಾಗದಗಳಿಗೆ ಬೆಳಗಿ ಆಮೇಲೆ ಲಕ್ಷ್ಮಿಗೆ ಬೆಳಗುತ್ತಾನೆ. ಪಕ್ಕದ ದರ್ಜಿ ಬೋರ್ಡಿಗೆ ಶುಲ್ಕವೆಂದು ಕೇಳಿ ಬೋರ್ಡನ್ನೇ ಇಳಿಸಿಬಿಟ್ಟ. ಈಗ ಅವನ ಅಂಗಡಿಯ ಗುರುತನ್ನು ಎಲ್ಲರೂ ಹೇಳುವುದೇ ಬೋರ್ಡಿಲ್ಲದ ದರ್ಜಿ ಎಂದು.

ನಾನು, ದೇವರ ದಯೆಯಿಂದ, ಇವೆಲ್ಲ ನೋಡಿ ಅಯ್ಯೋ ಪಾಪ ಎನ್ನುತ್ತ ಮನೆಗೆ ಬಂದು ಕಿಟಕಿ ಮುಚ್ಚಿ ಶೇಂಗಾ ಹುರಿಯುತ್ತಿದ್ದೆ. ಮಲಗುವ ಮುಂಚೆ ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸಿ ಅವನಿಗೆ ಒಪ್ಪಿಸುವುದು ನನ್ನ ರೂಢಿ. ನೀರು ಬಂತು, ಹಾಲು ಒಡೆಯಲಿಲ್ಲ, ಮೊಣಕಾಲು ಮೆಟ್ಟಿಲು ಹತ್ತಿಸಿತು. ಇತ್ತೀಚೆಗೆ ಅದರ ಕೊನೆಗೆ ಇನ್ನೊಂದು ಸೇರಿತ್ತು: ಇವತ್ತು ಯಾರೂ ಬರಲಿಲ್ಲ.

ಆ ದಿನ ಬಂದರು.

ಗಚ್ಚಿಬೌಲಿಯಲ್ಲಿರುವ ದೀಪಾ ಎಂಬ ಮೈಸೂರಿನ ಹುಡುಗಿ ತನ್ನ ಮಗಳ ತೊಟ್ಟಿಲು ಶಾಸ್ತ್ರಕ್ಕೆ ಹೋಳಿಗೆ ಹೇಳಿದ್ದಳು. ನಮಗೆ ಬಂದ ಮೊದಲ ದೊಡ್ಡ ಕೆಲಸ. ಅವಳಿರುವ ಅಪಾರ್ಟ್‌ಮೆಂಟಿನಲ್ಲಿ ನೂರಾರು ಮನೆಗಳು. ಇದೊಂದು ಚೆನ್ನಾಗಿ ಆದರೆ ದೀಪಾವಳಿಯ ತನಕ ಕೈಗೆ ಬಿಡುವಿಲ್ಲ ಎಂದು ಪದ್ದಕ್ಕ ಹಿಗ್ಗಿಹೋಗಿದ್ದಳು. ಬೆಳಗಾಗುವ ಮುಂಚೆಯೇ ಕೂತು ಎಲ್ಲ ಮುಗಿಸಿದ್ದೆವು. ಹೋಳಿಗೆ ಪರಾತಗಳಲ್ಲಿ ಆರುತ್ತಿದ್ದವು, ಖಾಲಿ ಡಬ್ಬಿಗಳು ಗೋಪುರದ ಹಾಗೆ ನಿಂತಿದ್ದವು. ಸಂಜೆಗೆ ತಲುಪಿಸಬೇಕು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಿಬಿಡುತ್ತೇನೆ. ಅಡುಗೆಮನೆಯಲ್ಲೇ ದೇವರ ಗೂಡು. ಮಾರುವ ಹೋಳಿಗೆ ಮಾಡಿದ ದಿನ ಮೊದಲ ಮೂರನ್ನು ಎಲೆಯ ಮೇಲಿಟ್ಟು ನೈವೇದ್ಯ ಮಾಡುತ್ತೇನೆ. ಮಿಕ್ಕ ಪರಾತಗಳನ್ನು ದೇವರ ಎದುರಿಗೆ ತರುವುದೇ ಇಲ್ಲ, ಬೆನ್ನ ಹಿಂದೆ ಬಟ್ಟೆ ಮುಚ್ಚಿ ಇಡುತ್ತೇನೆ. ಏಕೆಂದರೆ ಒಮ್ಮೆ ತುಳಸಿ ಹಾಕಿ, ನೀರು ಸುತ್ತಿ, ಗಂಟೆ ಬಾರಿಸಿದರೆ ಅದು ಪ್ರಸಾದ. ಪ್ರಸಾದವನ್ನು ಹಂಚಬಹುದು, ಮಾರುವಂತಿಲ್ಲ.

ಬಾಗಿಲು ತೆರೆದವರು ನಮ್ಮವರು. ಹೊರಗೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬರು, ನಡುವಯಸ್ಸಿನವರು, ಹಣೆಯ ಮೇಲೆ ಕುಂಕುಮ. ಈ ಮನೆಯಲ್ಲಿ ತಿಂಡಿ ಮಾಡಿ ಮಾರುತ್ತಾರೆಂದು ಯಾರೋ ಪರವಾನಗಿ ಕಚೇರಿಗೆ ತಿಳಿಸಿದ್ದಾರೆ, ನೋಡಿ ಹೋಗಲು ಬಂದಿದ್ದೇನೆ ಎಂದು ತೆಲುಗಿನಲ್ಲಿ ಹೇಳಿದರು. ಒಳಗಿದ್ದ ನನ್ನ ಕೈಯಲ್ಲಿ ಹಂಚು ಹಾಗೇ ನಿಂತಿತು. ನಮ್ಮವರ ದನಿ ಕೇಳಿಸಿತು, ಕಚೇರಿಯಲ್ಲಿ ಮೇಲಧಿಕಾರಿ ಕರೆದಾಗ ಬರುತ್ತಿದ್ದ ಅದೇ ದನಿ:

“ಅಯ್ಯಯ್ಯೋ, ಮಾರಾಟ ಎಲ್ಲಿದು ಸಾರ್! ನಮ್ಮ ಮನೆಯಲ್ಲಿ ದೇವರ ಕಾರ್ಯ. ಎಲ್ಲಾ ನೈವೇದ್ಯಕ್ಕೆ.”

“ಎಲ್ಲಾ?” ಎಂದರು ಅವರು, ಬಾಗಿಲಿಂದಲೇ ಪರಾತಗಳ ಸಾಲನ್ನು ನೋಡುತ್ತ.

“ಎಲ್ಲಾ ಸಾರ್. ಒಂದೂ ಬಿಡದೆ.”

ಒಂದು ಪರಾತ ಎಂದಿದ್ದರೂ ನಾನು ಬದುಕುತ್ತಿದ್ದೆ. ಆ ಮನುಷ್ಯರು ಕೂಡಲೇ ಬೂಟು ಬಿಚ್ಚಿ ಹೊರಗಿಟ್ಟರು. ಕಾಲು ತೊಳೆಯಲು ನೀರು ಕೇಳಿದರು. ಅಡುಗೆಮನೆಯ ಹೊಸ್ತಿಲ ಹೊರಗೆ ನೆಲದ ಮೇಲೇ ಕೂತು ಕೈಮುಗಿದು, “ಹಾಗಾದರೆ ಪ್ರಸಾದಂ ಪೆಟ್ಟಂಡಿ ಅಮ್ಮಾ, ತೆಗೆದುಕೊಂಡೇ ಹೋಗುತ್ತೇನೆ” ಎಂದರು.

ನಮ್ಮವರು ಅಡುಗೆಮನೆಗೆ ನುಗ್ಗಿ, ಡಬ್ಬಿಗಳ ಗೋಪುರಕ್ಕೆ ತಮ್ಮ ಪೂಜೆಯ ಪಟ್ಟೆಮಡಿ ಹೊದಿಸಿ, ಪರಾತಗಳನ್ನು ಒಂದೊಂದಾಗಿ ಗೂಡಿನ ಮುಂದಕ್ಕೆ ದೂಡತೊಡಗಿದರು. “ಅಲ್ರೀ, ಏನ್ ಮಾಡ್ಲಿಕ್ಹತ್ತೀರಿ?” ಎಂದು ಪಿಸುಗುಟ್ಟಿದೆ. “ಸುಮ್ನ ತುಳಸಿ ಹಾಕು” ಎಂದರು. “ಎಲ್ಲಾದಕ್ಕೂ?” “ಅವ್ರು ನೋಡ್ಲಿಕ್ಹತ್ಯಾರ, ಎಲ್ಲಾದಕ್ಕೂ ಹಾಕು!”

ಪದ್ದಕ್ಕ ಲಟ್ಟಣಿಗೆ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ಎಲ್ಲ ಪರಾತಗಳಿಗೂ ತುಳಸಿ ಹಾಕಿದೆ, ನೀರು ಸುತ್ತಿದೆ, ಕಣ್ಣು ಮುಚ್ಚಿದೆ. ಭಕ್ತಿಯಿಂದ ಮುಚ್ಚಲಿಲ್ಲ. ಕೃಷ್ಣನ ಆ ಪುಟ್ಟ ಹಿತ್ತಾಳೆಯ ಮುಖ ನೋಡುವ ಧೈರ್ಯವಿರಲಿಲ್ಲ, ಅದಕ್ಕೆ. ಸುಳ್ಳು ಹೇಳಿದವರು ನಮ್ಮವರಿರಬಹುದು. ಗಂಟೆ ಬಾರಿಸಿದವಳು ನಾನು.

ಇನ್‌ಸ್ಪೆಕ್ಟರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದರು. ಇನ್ನೊಂದು ಹಾಕಿದೆ, ಅದನ್ನೂ ತಿಂದರು. ಏನನ್ನೂ ತಪಾಸಣೆ ಮಾಡಲಿಲ್ಲ. ಎದ್ದು ನಿಂತು, “ನಮ್ಮ ಮನೆಯಾಕೆ ಸಕಿನಾಲು ಬಹಳ ಚೆನ್ನಾಗಿ ಮಾಡುತ್ತಾಳಮ್ಮಾ” ಎಂದರು. ಸಕಿನಾಲು ಎಂದರೆ ಸಂಕ್ರಾಂತಿಗೆ ಇಲ್ಲಿಯವರು ಅಕ್ಕಿಹಿಟ್ಟನ್ನು ಬಟ್ಟೆಯ ಮೇಲೆ ಸುರುಳಿ ಸುತ್ತಿ ಕರಿಯುತ್ತಾರಲ್ಲ, ಅದು. “ಓಣಿಯವರೆಲ್ಲ ಕೇಳಿ ಮಾಡಿಸಿಕೊಳ್ಳುತ್ತಿದ್ದರು. ನಾನೇ ಬಿಡಿಸಿದೆ. ಇನ್‌ಸ್ಪೆಕ್ಟರನ ಮನೆಯಲ್ಲೇ ಲೈಸೆನ್ಸಿಲ್ಲದೆ ಕರಿದರೆ ಹೇಗೆ?” ಬೂಟು ಹಾಕಿಕೊಳ್ಳುತ್ತ ತಲೆ ಎತ್ತದೆ ಇನ್ನೂ ಒಂದು ಮಾತು ಸೇರಿಸಿದರು: “ದೇವರಿಗೆ ಇಷ್ಟೊಂದು ಮಾಡುವವರು ಒಮ್ಮೆ ಕಚೇರಿಗೆ ಬಂದುಹೋಗಿ. ದೇವರಿಗೂ ಒಂದು ನಂಬರು ಇದ್ದರೆ ಒಳ್ಳೆಯದು.”

ಬಾಗಿಲು ಮುಚ್ಚಿಕೊಂಡಿತು. ನಮ್ಮವರು ಕುರ್ಚಿಯಲ್ಲಿ ಕುಸಿದು, “ಹೆಂಗ ಪಾರ ಮಾಡಿದೆ ನೋಡು!” ಎಂದರು. ಪದ್ದಕ್ಕ ಪಟ್ಟೆಮಡಿ ಸರಿಸಿ ಡಬ್ಬಿ ಕೆಳಗಿಳಿಸಿದಳು.

“ಹೊತ್ತಾಗತೈತಿ ಅಕ್ಕಾರ, ತುಂಬೂನು ನಡೀರಿ.”

“ಪದ್ದಕ್ಕ, ಇವನ್ನ ಇನ್ನ ಮಾರಲಿಕ್ಕೆ ಬರೂದಿಲ್ಲ.”

“ಯಾಕ? ಕೆಟ್ಟಾವೇನು?”

“ಪ್ರಸಾದ ಆಗ್ಯಾವ.”

ಅವಳು ಡಬ್ಬಿಯನ್ನು ನಿಧಾನಕ್ಕೆ ಕೆಳಗಿಟ್ಟಳು. “ಅದು ಆ ಸಾಹೇಬ್ರಿಗೆ ತೋರ್ಸಾಕ ಮಾಡಿದ್ದಲ್ರಿ? ದೇವ್ರಿಗೆ ಅಷ್ಟೂ ತಿಳಿಯಂಗಿಲ್ಲೇನು?”

“ತೋರ್ಸಲಿಕ್ಕೆ ಮಾಡಿದ್ರೂ ಗಂಟಿ ಬಾರಿಸಿದ್ದು ಖರೇನ ಅಲ್ಲ? ಅರ್ಪಿಸಿದ್ದು ಅರ್ಪಿಸಿದ್ದೇ.”

“ಅಕ್ಕಾರ,” ಎಂದಳು ಪದ್ದಕ್ಕ. ದನಿ ಏರಿಸಲೂ ಇಲ್ಲ. “ದೇವ್ರಿಗೆ ಹಸಿವಿಲ್ಲ. ನನಗೈತಿ.”

ಹೊಸದಾಗಿ ಮಾಡೋಣವೆಂದರೆ ಶೇಂಗಾ ಪುಡಿ ಮುಗಿದಿತ್ತು, ಹೊತ್ತೂ ಇರಲಿಲ್ಲ. ನಿನ್ನ ಪಾಲು ನಾನು ಕೊಡುತ್ತೇನೆ ಎಂದೆ. ಹೇಳುವಾಗಲೇ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಗೊತ್ತಾಯಿತು. “ಸುಳ್ಳು ಹೇಳಿದವ್ರು ನಿಮ್ಮ ಯಜಮಾನ್ರು, ದಂಡ ಕಟ್ಟಾವ್ರು ನೀವು. ನಡುವ ನಾ ಏನು ನಿಮ್ಮನಿ ಅನಾಥಾಶ್ರಮದಾಗ ಇದ್ದೀನೇನ್ರಿ?” ಎಂದಳು. ಕುರ್ಚಿಯಲ್ಲಿದ್ದ ನಮ್ಮವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅದು ತಲೆಕೆಳಗಾಗಿತ್ತು ಎಂದು ಬರೆದರೆ ನೀವು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಕೊನೆಗೆ ಡಬ್ಬಿಗಳಲ್ಲಿ ತುಳಸಿಯ ಸಮೇತ ತುಂಬಿಕೊಂಡು ಇಬ್ಬರೂ ಗಚ್ಚಿಬೌಲಿಗೆ ಹೊರಟೆವು. ಹುಡುಗಿಗೆ ಮಾತು ಕೊಟ್ಟಾಗಿದೆ. ಪ್ರಸಾದವೆಂದು ಹೇಳಿ ಕೊಟ್ಟುಬರುವುದು, ಕಾಸು ಮುಟ್ಟದಿರುವುದು ಎಂದು ನನ್ನ ತೀರ್ಮಾನ. ಪದ್ದಕ್ಕ ಕ್ಯಾಬಿನಲ್ಲಿ ಉದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಡಬ್ಬಿಗಳಿಂದ ಏಲಕ್ಕಿಯ ಪರಿಮಳ ಬಂದು ನಮ್ಮಿಬ್ಬರ ನಡುವೆ ಕೂತುಕೊಳ್ಳುತ್ತಿತ್ತು. ಮೆಸ್ಸು ಮುಚ್ಚಿದ ದಿನ ಮೆಟ್ಟಿಲ ಮೇಲೆ ಕೂತಿದ್ದ ಅವಳನ್ನು ನೆನೆದುಕೊಂಡೆ. ಆಗ ಸರ್ಕಾರಕ್ಕೆ ಕರುಣೆಯಿಲ್ಲ ಎಂದು ನಾನೇ ಅವಳಿಗೆ ಸಮಾಧಾನ ಹೇಳಿದ್ದೆ. ಈಗ ಅವಳ ದುಡಿಮೆಯನ್ನು ಒಂದು ನಿಯಮ ತೋರಿಸಿ ಕಿತ್ತುಕೊಳ್ಳುತ್ತಿರುವವಳು ನಾನು. ಮುದ್ರೆ ಬೇರೆ, ಅಷ್ಟೆ. ಅವರದು ರಬ್ಬರಿನದು, ನನ್ನದು ತುಳಸಿಯದು.

ದೀಪಾಳ ಮನೆಯಲ್ಲಿ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು. ಇದು ಪ್ರಸಾದ, ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿದೆ. ಕಾರಣ ಹೇಳಲು ನಾಲಿಗೆ ಏಳಲಿಲ್ಲ. ಮೈಸೂರಿನಿಂದ ಬಂದಿದ್ದ ದೀಪಾಳ ತಾಯಿ ಎರಡೂ ಕೆನ್ನೆ ಮುಟ್ಟಿಕೊಂಡರು. “ಪ್ರಸಾದಾನಾ? ಅಯ್ಯೋ, ಕೃಷ್ಣನೇ ತೊಟ್ಟಿಲಿಗೆ ಬಂದ ಹಾಗಾಯ್ತಲ್ಲ ಕಣ್ರೀ! ನಮ್ಮ ಪುಟ್ಟಿ ಪುಣ್ಯ.” ಒಳಗೆ ಹೋದವರು ಎರಡು ತಟ್ಟೆ ಹಿಡಿದು ಬಂದರು. ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಎಲೆ ಅಡಿಕೆ, ಅದರ ಮೇಲೆ ಒಂದೊಂದು ಕವರು. “ಹಣ ಬೇಡ ಅಂದ್ರಿ, ಸರಿ. ದಕ್ಷಿಣೆ ಬೇಡ ಅನ್ನೋ ಹಾಗಿಲ್ಲ.”

ನಾನು ಬಾಯಿ ತೆರೆಯುವ ಮುಂಚೆ ಪದ್ದಕ್ಕ ಸೆರಗೊಡ್ಡಿ ತನ್ನದನ್ನು ತೆಗೆದುಕೊಂಡಳು. ನನ್ನ ಮೊಣಕೈ ತಿವಿದು, “ಇಸ್ಕೋರಿ ಅಕ್ಕಾರ. ಒಲ್ಲೆ ಅಂದ್ರ ಕೂಸಿಗೆ ಒಳ್ಳೇದಲ್ಲ” ಎಂದಳು. ಬೆಳಗಿನಿಂದ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು.

ಎಲ್ಲ ಸುಖಾಂತವಾಯಿತಲ್ಲ ಎನ್ನುತ್ತೀರಿ. ಆ ರಾತ್ರಿ ಉಪಕಾರಗಳನ್ನು ಎಣಿಸಲು ಕೂತೆ, ನನ್ನಿಂದ ಆಗಲಿಲ್ಲ. ಇನ್‌ಸ್ಪೆಕ್ಟರು ದಂಡ ಹಾಕಲಿಲ್ಲ ಎಂದು ಎಣಿಸಲೇ? ನಾವು ಅವರ ಭಕ್ತಿಗೆ ಮೋಸ ಮಾಡಿದ್ದೆವು. ದಕ್ಷಿಣೆ ಸಿಕ್ಕಿತು ಎಂದು ಎಣಿಸಲೇ? ಬೆಳಿಗ್ಗೆ ಸರ್ಕಾರದ ನಿಯಮಕ್ಕೆ ದೇವರನ್ನು ಅಡ್ಡ ಹಿಡಿದೆವು, ಸಂಜೆ ದೇವರ ನಿಯಮಕ್ಕೆ ಒಂದು ತೆಂಗಿನಕಾಯಿ ಅಡ್ಡ ಹಿಡಿದೆವು. ಕಾಗದಗಳ ಬೇಲಿ ಅಷ್ಟು ಎತ್ತರ ಕಟ್ಟಿದರೆ ಪುಂಡರು ಹಾರಿ ಹೋಗುತ್ತಾರೆ. ನಮ್ಮಂಥ ಅಂಜುಬುರುಕರಿಗೆ ಅದರ ಕೆಳಗೆ ತೂರಿ ತೂರಿ, ಕೊನೆಗೆ ನೆಟ್ಟಗೆ ನಡೆಯುವುದೇ ಮರೆತುಹೋಗುತ್ತದೆ. ಹಾಗೆಂದು ಪೂರ್ತಿ ತಪ್ಪನ್ನು ಬೇಲಿಯ ಮೇಲೆ ಹಾಕಿದರೆ ಅದೂ ಒಂದು ಸುಳ್ಳೇ. ಆ ಮನುಷ್ಯರಿಗೆ “ಹೌದು ಸಾರ್, ಮಾರುತ್ತೇವೆ, ಏನು ಮಾಡಬೇಕು ಹೇಳಿ” ಎನ್ನಬಹುದಿತ್ತು. ನನಗೂ ಬಾಯಿ ಇತ್ತು.

ಮರುದಿನ ನಮ್ಮವರನ್ನು ಕರೆದುಕೊಂಡು ಕಚೇರಿಗೆ ಹೋದೆ. ಪದ್ದಕ್ಕನೂ ಬಂದಳು, ಯಾರದೋ ಮನೆಯ ಸಂಭ್ರಮಕ್ಕೆ ಹೋಗುವಂತೆ ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು. ಆಯುಷ್ಯವೆಲ್ಲ ಕೌಂಟರಿನ ಆಚೆ ಕೂತಿದ್ದ ನಮ್ಮವರು ಮೊದಲ ಸಲ ಈಚೆ ನಿಂತರು. ಈ ಕಿಟಕಿಯವರು ಆ ಕಿಟಕಿಗೆ, ಆ ಕಿಟಕಿಯವರು ಊಟ ಮುಗಿಸಿ ಬರುವವರ ಹತ್ತಿರಕ್ಕೆ ಕಳಿಸಿದರು. “ನಾ ಇದ್ದಾಗ ಹಿಂಗಿರಲಿಲ್ಲ” ಎಂದರು. “ನೀವು ಆ ಕಡೆ ಇದ್ರಿ” ಎಂದೆ. ಎಷ್ಟೋ ಸಲ ತಿರುಗಿದೆವು. ಪದ್ದಕ್ಕನ ಎದೆಯ ಎಕ್ಸ್‌ರೇ ತೆಗೆಸಿದೆವು, ಕಟ್ಟಡದವರ ಒಪ್ಪಿಗೆಗೆ ಮನೆಮನೆ ಹತ್ತಿಳಿದೆವು. ನಮ್ಮ ಮೇಲೆ ದೂರು ಕೊಟ್ಟವರು ಯಾರೆಂದು ತಿಳಿಯಲಿಲ್ಲ. ಎಲ್ಲರೂ ಹೋಳಿಗೆ ತಿಂದೇ ಸಹಿ ಹಾಕಿದರು.

ತಪಾಸಣೆಗೆ ಬಂದವರು ಅದೇ ಇನ್‌ಸ್ಪೆಕ್ಟರು. ಅವರು ಹೊಸ್ತಿಲು ದಾಟುವ ಮುಂಚೆಯೇ ಹೇಳಿಬಿಟ್ಟೆ, “ಅವತ್ತಿನದು ನೈವೇದ್ಯಕ್ಕೆ ಮಾಡಿದ್ದಲ್ಲ ಸಾರ್.” ನನ್ನ ಕಿವಿಯ ತುದಿಯ ತನಕ ಬಿಸಿಯಾಗಿತ್ತು.

“ತೆಲುಸಮ್ಮಾ,” ಎಂದರು, ಗೊತ್ತಮ್ಮಾ ಎಂದು. “ನೀವು ಗಂಟೆ ಬಾರಿಸಿದ ಮೇಲೆ ಆಯಿತಲ್ಲ.”

ಗೊತ್ತಿದ್ದೂ ಕಣ್ಣಿಗೊತ್ತಿಕೊಂಡು ತಿಂದಿದ್ದರು. ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯದೆ, ಅಡುಗೆಮನೆಯೆಲ್ಲ ನೋಡಿ, ಬರೆದುಕೊಂಡು, ಕೊನೆಗೆ ದೇವರ ಗೂಡಿನ ಮುಂದೆ ನಿಂತು ತಡವರಿಸಿದರು. ಮಾರಾಟದ ತಿಂಡಿ ತಯಾರಾಗುವ ಜಾಗದಲ್ಲಿ ದೀಪ, ಊದಿನಕಡ್ಡಿ ಇರಬಾರದಂತೆ. “ಇದನ್ನು ಮಾತ್ರ…” ಎಂದು ನಿಲ್ಲಿಸಿ ಕೈಮುಗಿದರು. ನನಗೆ ಮುಗಿದರೋ ಕೃಷ್ಣನಿಗೋ ತಿಳಿಯಲಿಲ್ಲ. ಅವರಿಗೂ ನಾಚಿಕೆಯಾಗಿತ್ತು, ಅದು ತಿಳಿಯಿತು.

ಹಾಗೆ ನಮ್ಮ ದೇವರು ಮನೆಯೊಳಗೇ ವರ್ಗವಾದರು. ಅತ್ತೆಯವರ ಕಾಲದ ಗೂಡನ್ನು ಹಾಲಿಗೆ ತಂದು ಗೋಡೆಗೆ ಹೊಡೆಸಿದೆವು. ಅಲ್ಲಿ ಇದ್ದ ಜಾಗ ಒಂದೇ, ಮುಂಬಾಗಿಲಿಗೆ ನೇರ ಎದುರು. ಪದ್ದಕ್ಕ ಈಗ ತನ್ನ ಹೆಸರೂ ಇರುವ ಪರವಾನಗಿಯ ಕೆಳಗೆ ಕೂತು, ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು, “ನಾ ಡಾಕ್ಟರಬಾಯಿ ಆದೆ ನೋಡ್ರಿ ಅಕ್ಕಾರ” ಎನ್ನುತ್ತ ಲಟ್ಟಿಸುತ್ತಾಳೆ. ಕಿಟಕಿ ತೆರೆದೇ ಇರುತ್ತದೆ.

ಮೊನ್ನೆ ಬಾಗಿಲು ಬಡಿದ ಸದ್ದಾಯಿತು. ನಮ್ಮವರು ಎದ್ದರು, ಹಳೆಯ ಅಭ್ಯಾಸದಂತೆ ಬೆಚ್ಚಿಯೇ ಎದ್ದರು. ಹೊರಗೆ ಪರಿಚಯವಿಲ್ಲದ ಹೆಂಗಸೊಬ್ಬಳು, ಕೈಯಲ್ಲಿ ಚೀಲ. ಇಲ್ಲಿ ಶೇಂಗಾ ಹೋಳಿಗೆ ಮಾರುತ್ತಾರಂತೆ, ಹೌದೇ ಎಂದು ಕೇಳಿದಳು. ನಮ್ಮವರ ಬಾಯಿ ತೆರೆಯಿತು. ಆಮೇಲೆ ಅವರು ಮೆಲ್ಲಗೆ ಕತ್ತು ತಿರುಗಿಸಿ ತಮ್ಮ ಬೆನ್ನ ಹಿಂದಿದ್ದ ಕೃಷ್ಣನನ್ನು ಒಮ್ಮೆ ನೋಡಿದರು. ಅವನು ಅಡುಗೆಮನೆಯಲ್ಲಿದ್ದಾಗ ಇಷ್ಟು ಹತ್ತಿರವಿರಲಿಲ್ಲ. ಗಂಟಲು ಸರಿಮಾಡಿಕೊಂಡು, “ಹೌದ್ರೀ, ಮಾರ್ತೇವಿ. ಎಷ್ಟು ಬೇಕಾಗಿತ್ತು?” ಎಂದರು.

ಅವರ ಕಿವಿಗಳು ಕೆಂಪಾಗಿದ್ದವು. ಆ ರಾತ್ರಿ ಉಪಕಾರಗಳ ಎಣಿಕೆಯನ್ನು ನಾನು ಅದರಿಂದಲೇ ಶುರುಮಾಡಿದೆ.